ಡಿಎಕ್ಸ್ 7 ಬಿಚ್ಚುವ ಮೊದಲು

ಡಿಎಕ್ಸ್ 7 ಸಿಂಥಸೈಜರಿನ (ಎಲೆಕ್ಟ್ರಾನಿಕ್ ಕೀಬೋರ್ಡಿನ) ದನಿಯನ್ನು ಕೋಡಿನಲ್ಲಿ ಮರುಸೃಷ್ಟಿಸುವ ಕೆಲಸದಲ್ಲಿರೋರು ಎಲ್ರೂ ಒಮ್ಮೆ ಓದಿ. ಯಮಾಹಾ ಡಿಎಕ್ಸ್ 7ರ ಮುಚ್ಚಳ ತೆಗೆಯುವ ಮೊದಲು ಅದರೊಳಗಿನ 32 ದನಿಗಳನ್ನೂ (ಉಳಿಸಿಟ್ಟ ದನಿ ಸೆಟ್ಟಿಂಗುಗಳನ್ನೂ) ಮಿಡಿ (ವಾದ್ಯ-ಕಂಪ್ಯೂಟರ್ ಜೋಡಿಸುವ ಸಂಪರ್ಕ) ಮೂಲಕ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಫೈಲು ಸರಿಯಾಗಿ 4104 ಬೈಟ್ ಇರಬೇಕು, ಒಂದು ಕಮ್ಮಿಯಾದರೂ ಮತ್ತೆ ಇಳಿಸಿ. ನೆನಪು ನಿಂತಿರೋದು ಒಂದು ಪುಟ್ಟ ಬ್ಯಾಟರಿಯ ಮೇಲೆ, ಅದು ಸತ್ತರೆ ಎಲ್ಲ ಹೋಯ್ತು.

ಇನ್ನು ಕೋಡಿನ ವಿಷಯ. 1983ರ ಯಂತ್ರ, ಆರು ಆಪರೇಟರ್ (ಸೈನ್ ಅಲೆ ಹುಟ್ಟಿಸುವ ಘಟಕ), 32 ಆಲ್ಗರಿದಮ್ (ಅವನ್ನು ಜೋಡಿಸುವ ಬಗೆ), ಇಷ್ಟೇ ಅಲ್ವಾ ಅಂತ ಸುಮ್ನೆ ಸೈನ್ ಅಲೆಗಳನ್ನು ಪೋಣಿಸಿದರೆ ಆ ದನಿ ಬರೋದಿಲ್ಲ. ನಾನು ಹಾಗೇ ಮಾಡಿ ಎರಡು ವಾರ ಕಳೆದೆ. ಡಿಎಕ್ಸ್ 7ರೊಳಗೆ ದನಿ ಹುಟ್ಟಿಸುವ ಚಿಪ್ಪು ಎನ್ವಲಪ್ಪನ್ನು (ಸಮಯಕ್ಕೆ ತಕ್ಕಂತೆ ಏರಿಳಿಯುವ ಮಟ್ಟವನ್ನು) ಅಲೆಗೆ ಗುಣಿಸೋದೇ ಇಲ್ಲ: ಸೈನ್ ಅಲೆಯ ಕಾಲುಭಾಗಕ್ಕೆ ಮಾತ್ರ ಲಾಗರಿದಮ್ ಕೋಷ್ಟಕ ಇಟ್ಟುಕೊಂಡು, ಅದಕ್ಕೆ ಎನ್ವಲಪ್ಪನ್ನು ಕೂಡಿಸಿ, ಇನ್ನೊಂದು ಕೋಷ್ಟಕದಿಂದ ವಾಪಸ್ ಮಾಮೂಲಿ ಸಂಖ್ಯೆ ಮಾಡಿಕೊಳ್ಳುತ್ತದೆ. ಅಲ್ಲಿ ಆಗುವ ಚೂರುಪಾರು ತಪ್ಪು ಕೂಡ ದನಿಯ ಭಾಗವೇ. ಫೀಡ್‌ಬ್ಯಾಕಿನಲ್ಲೂ (ಆಪರೇಟರಿನಿಂದ ಬಂದ ಅಲೆಯನ್ನು ಅದಕ್ಕೇ ಮರಳಿಸುವಲ್ಲಿ) ಹಿಂದಿನ ಎರಡು ಸ್ಯಾಂಪಲ್‌ಗಳ ಸರಾಸರಿ ಬಳಸುತ್ತದೆ, ಒಂದನ್ನೇ ಬಳಸಿದರೆ ಕರ್ಕಶ ಜಾಸ್ತಿ. ಇದನ್ನೆಲ್ಲ ಹಳೇ ಚಿಪ್ಪುಗಳ ಒಳರಚನೆ ಬಿಡಿಸುವ ಕೆನ್ ಶಿರಿಫ್ 2021ರಲ್ಲಿ ಚಿಪ್ಪನ್ನೇ ಸೂಕ್ಷ್ಮದರ್ಶಕದಡಿ ಇಟ್ಟು ಬಿಡಿಸಿದ್ದರು.

ಕೋಡಿನ ದನಿಗೆ ಹೋಲಿಸಿ ನೋಡೋಕೆ ಡಿಎಕ್ಸ್ 7ರ ರೆಕಾರ್ಡಿಂಗ್ ಕಳಿಸುವವರು ಎಡಿಟ್ ಮೋಡಿನಲ್ಲಿ ಒಂದೊಂದೇ ಆಪರೇಟರ್ ಆನ್ ಇಟ್ಟು ಕಳಿಸಿ. ಕೋರಸ್, ರಿವರ್ಬ್ ಥರದ ಎಫೆಕ್ಟ್ ಹಾಕಿದ್ದು ದಯವಿಟ್ಟು ಬೇಡ.