ಮಗಳಿಗೊಂದು ಪತ್ರ: ಕೇಳಿದಾಗ ಕೈಗೆ ಸಿಗಬೇಕು

ಉಡುಪಿ

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ಹೇಳಿದರೆ "ಆಯ್ತಪ್ಪ, ಆಯ್ತಪ್ಪ" ಅಂತೀಯ, ಫೋನಿಟ್ಟ ಮೇಲೆ ಮರೆತುಬಿಡುತ್ತೀಯ. ಅದಕ್ಕೆ ಬರೆದೇ ಬಿಡುತ್ತೇನೆ. ಮಂಗಳೂರಿನ ಬಿಜೈಯ ಹೊಸ ಫ್ಲ್ಯಾಟಿನ ಒಕ್ಕಲು ಆಗಿಹೋಯಿತು, ಆದರೆ ರಟ್ಟಿನ ಪೆಟ್ಟಿಗೆಗಳು ಇನ್ನೂ ಹಾಲಿನಲ್ಲಿ ಒಟ್ರಾಶಿ ಬಿದ್ದಿವೆ, ಗ್ಯಾಸಿನ ಪುಸ್ತಕ ಯಾವುದರಲ್ಲಿದೆ ಅಂತಲೇ ಗೊತ್ತಿಲ್ಲ ಅಂದೆಯಲ್ಲ. ಮಂಡೆಬಿಸಿ ಮಾಡಿಕೊಳ್ಳಬೇಡ ಮಾರಾಯ್ತಿ. ಒಂದೇ ದಿನ ಎಲ್ಲ ಆಗಬೇಕು ಅಂತೇನೂ ಇಲ್ಲ.

ಮೊದಲೇ ಅಂಗಡಿಗೆ ಹೋಗಿ ಡಬ್ಬ, ಫೈಲು ಅಂತ ರಾಶಿ ಹಾಕಿಕೊಳ್ಳಬೇಡ. ಯೂಟ್ಯೂಬಿನಲ್ಲಿ ಒಂದೇ ಅಳತೆಯ ಡಬ್ಬಗಳನ್ನು ಸಾಲಾಗಿ ಇಟ್ಟು ತೋರಿಸುತ್ತಾರೆ, ನೋಡಲಿಕ್ಕೆ ಚಂದ. ಆದರೆ ಒಳಗೆ ಏನಿಡಬೇಕು ಅಂತ ಗೊತ್ತಾಗುವ ಮೊದಲೇ ಡಬ್ಬ ತಂದರೆ, ಡಬ್ಬ ಇಡುವುದಕ್ಕೇ ಒಂದು ಕಪಾಟು ಬೇಕಾಗುತ್ತದೆ.

ಇಷ್ಟು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು ನಾನು ನೋಡಿದ್ದು ಒಂದೇ. ಮನೆಯಲ್ಲಿ ಕಾಗದ ಇಲ್ಲ ಅನ್ನುವವರು ಕಡಿಮೆ. ಎಲ್ಲಿದೆ ಅಂತ ಒಬ್ಬರಿಗೆ ಮಾತ್ರ ಗೊತ್ತಿರುವ ಮನೆಗಳೇ ಜಾಸ್ತಿ. ಗಂಡ ತೀರಿಕೊಂಡ ಒಬ್ಬರು ಅಮ್ಮ ಒಮ್ಮೆ ಜವಳಿ ಅಂಗಡಿಯ ಚೀಲವೊಂದನ್ನು ತಂದು ಕೌಂಟರಿನ ಮೇಲೆ ಮಗುಚಿದರು. ಠೇವಣಿ ರಸೀದಿಗಳು, ಮದುವೆ ಕಾಗದಗಳು, ಯಾವುದೋ ದೇವಸ್ಥಾನದ ಸೇವಾ ಚೀಟಿಗಳು, ಎಲ್ಲ ಒಂದೇ ಗುಂಡುಪಿನ್ನಿಗೆ ಚುಚ್ಚಿಕೊಂಡಿದ್ದವು. ಪಿನ್ನು ತುಕ್ಕು ಹಿಡಿದು ಮೇಲಿನ ರಸೀದಿಯ ನಂಬರಿನ ಮೇಲೇ ಕಂದು ಕಲೆಯಾಗಿತ್ತು. ನವೀಕರಿಸಿದಾಗೆಲ್ಲ ಹೊಸ ರಸೀದಿ ಬಂದಿದೆ, ಹಳೆಯದರ ಜೆರಾಕ್ಸನ್ನೂ ಯಜಮಾನರು ಬಿಸಾಡಿರಲಿಲ್ಲ. ಹತ್ತು ಕಾಗದದಲ್ಲಿ ಜೀವ ಇದ್ದದ್ದು ಎರಡಕ್ಕೆ. ಆ ಎರಡು ಯಾವುದು ಅಂತ ಹುಡುಕುವುದರಲ್ಲಿ ಮಧ್ಯಾಹ್ನವಾಯಿತು. ಪಾಪ, ಅವರು "ಅವರಿಗೆ ಎಲ್ಲ ಗೊತ್ತಿತ್ತು" ಅಂತಲೇ ಹೇಳುತ್ತಿದ್ದರು.

ಹಾಗಾಗಿ ನನ್ನ ಲೆಕ್ಕ ಇಷ್ಟೇ. ನೀನು ಆಫೀಸಿನಲ್ಲಿ ಇರುವಾಗ ಅಳಿಯ ಫೋನ್ ಮಾಡಿ "ಆ ಕಾಗದ ಎಲ್ಲಿದೆ?" ಅಂದರೆ ಒಂದೇ ಮಾತಿನಲ್ಲಿ ಹೇಳಲಿಕ್ಕಾಗಬೇಕು. "ಬೆಡ್‌ರೂಮಿನ ಕಪಾಟು, ಮೇಲಿನ ಹಲಗೆ, ನೀಲಿ ಫೈಲು." ಅಷ್ಟು ಸಾಕು. "ಅದರ ಹಿಂದೆ ನೋಡು, ಅದರ ಅಡಿಯಲ್ಲಿ ನೋಡು" ಅಂತ ಶುರುವಾದರೆ ಆ ಜಾಗ ಸರಿ ಇಲ್ಲ ಅಂತಲೇ ಅರ್ಥ.

ಇನ್ನು ವಿಂಗಡಿಸುವುದು. ಮತ್ತೆ ಸಿಗುವ ಕಾಗದ ಒಂದು ಕಡೆ, ಕಳೆದರೆ ಸಿಗದ್ದು ಇನ್ನೊಂದು ಕಡೆ. ಕರೆಂಟ್ ಬಿಲ್ಲು, ಪಹಣಿ ಇವೆಲ್ಲ ಕಂಪ್ಯೂಟರಿನಲ್ಲಿ ಯಾವಾಗ ಬೇಕಾದರೂ ತೆಗೆಯಬಹುದು. ಮೆಸ್ಕಾಂ ಬಿಲ್ಲನ್ನು ವರ್ಷಗಟ್ಟಲೆ ಕಟ್ಟಿಡುವ ಅಗತ್ಯ ಇಲ್ಲ. ಡ್ರೈವಿಂಗ್ ಲೈಸೆನ್ಸು, ಆರ್‌ಸಿ ಡಿಜಿಲಾಕರಿನಲ್ಲಿ ಇದ್ದರೆ ಪೊಲೀಸರಿಗೆ ಅದನ್ನೇ ತೋರಿಸಬಹುದು. ಆದರೆ ನಮ್ಮ ಅಜ್ಜನ ಕಾಲದ ಜಾಗದ ಕಾಗದ ಹಾಗಲ್ಲ. 1956ರವರೆಗೆ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು, ಆಗಿನ ಛಾಪಾ ಕಾಗದ ಈಗಲೂ ನನ್ನ ಹತ್ತಿರ ಉಂಟು. ಭೂಸುಧಾರಣೆಯ ಕಾಲದಲ್ಲಿ ಗೇಣಿದಾರರು ಅಂತ ಡಿಕ್ಲರೇಷನ್ ಕೊಟ್ಟು ನಮಗೆ ಬಂದ ಗದ್ದೆಯ ಭೂನ್ಯಾಯಮಂಡಳಿ ಆದೇಶವೂ ಉಂಟು. ಪಹಣಿ ಸಾವಿರ ಸಲ ತೆಗೆಯಬಹುದು, ಈ ಆದೇಶದ ಪ್ರತಿ ಬೇಕಾದರೆ ಕಚೇರಿಯ ಮೆಟ್ಟಿಲು ಸವೆಸಬೇಕು. ಇಂಥದ್ದನ್ನು ಲ್ಯಾಮಿನೇಷನ್ ಮಾಡಿಸಬೇಡ. ಚಂದ ಕಾಣುತ್ತದೆ ಅಂತ ನಿನ್ನ ಮಾರ್ಕ್ಸ್ ಕಾರ್ಡನ್ನೂ ಮಾಡಿಸಬೇಡ. ಆಮೇಲೆ ಅದರ ಮೇಲೆ ಸೀಲು ಹಾಕಬೇಕು ಅಂತ ಯಾರಾದರೂ ಕೇಳಿದರೆ ಆಗುವುದಿಲ್ಲ.

ನಿನ್ನ ಜನನ ಪತ್ರ ನೋಡಿ ಗಾಬರಿಯಾಗಬೇಡ. ಉಡುಪಿಯಲ್ಲೇ ಹುಟ್ಟಿದವಳಿಗೆ ದಕ್ಷಿಣ ಕನ್ನಡ ಜಿಲ್ಲೆ ಅಂತ ಇದೆ. ನೀನು ಹುಟ್ಟಿದ್ದು 1996ರಲ್ಲಿ, ಉಡುಪಿ ಜಿಲ್ಲೆಯಾದದ್ದು 1997ರ ಆಗಸ್ಟಿನಲ್ಲಿ. ಅದನ್ನು ತಿದ್ದಿಸಲಿಕ್ಕೆ ಓಡಬೇಡ, ಆಗ ಅದೇ ಸರಿ.

ಬ್ಯಾಂಕಿನದ್ದು ಸ್ವಲ್ಪ ಜಾಸ್ತಿ ಹೇಳುತ್ತೇನೆ, ನನ್ನ ಕಸುಬು ಅಲ್ವಾ. ನಮ್ಮೂರಿನ ಪ್ರತಿ ಮನೆಯ ಕಪಾಟಿನಲ್ಲೂ ಈಗ ಇಲ್ಲದ ಬ್ಯಾಂಕಿನ ಪಾಸ್‌ಬುಕ್ ಒಂದಾದರೂ ಇರುತ್ತದೆ. ವಿಜಯಾ ಬ್ಯಾಂಕು 2019ರ ಏಪ್ರಿಲಿನಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಮರು ವರ್ಷ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. ಹುಟ್ಟಿದ್ದೆಲ್ಲ ಇದೇ ಕರಾವಳಿಯಲ್ಲಿ. ನೆನೆದರೆ ಈಗಲೂ ಬೇಜಾರಾಗುತ್ತದೆ. ಇರಲಿ. ಹಳೆಯ ಪಾಸ್‌ಬುಕ್ ಕಂಡರೆ ಬಿಸಾಡಬೇಡ. ಖಾತೆಯಲ್ಲಿ ದುಡ್ಡು ಇದೆಯೋ ಇಲ್ಲವೋ ಕೇಳಿ ನೋಡು. ಹತ್ತು ವರ್ಷ ಯಾರೂ ಮುಟ್ಟದ ದುಡ್ಡು ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗುತ್ತದೆ, ಆದರೂ ವಾರಸುದಾರರು ಕೇಳಿ ಪಡೆಯಬಹುದು. ಅದನ್ನು ಹುಡುಕಲಿಕ್ಕೇ 2023ರಲ್ಲಿ ಉದ್ಗಮ್ ಅಂತ ಒಂದು ಜಾಲತಾಣ ಮಾಡಿದ್ದಾರೆ. ಅಜ್ಜಿಯ ಹೆಸರು ಹಾಕಿ ನೋಡು ಒಮ್ಮೆ. ದಿನಾ ಚಿಲ್ಲರೆ ಕಟ್ಟುವ ಪಿಗ್ಮಿ ಠೇವಣಿ ಇತ್ತಲ್ಲ, ಅಜ್ಜಿ ಅದನ್ನು ಕಟ್ಟದ ಬ್ಯಾಂಕು ಇರಲಿಲ್ಲ.

ಹಾಗೆಯೇ ನಾಮಿನಿ. 2025ರ ನವೆಂಬರಿನಿಂದ ಒಂದು ಠೇವಣಿಗೆ ನಾಲ್ಕು ಜನರವರೆಗೆ ಹೆಸರು ಕೊಡಬಹುದು. ನಿನ್ನ ಹಳೆಯ ಖಾತೆಗಳಲ್ಲಿ ಇನ್ನೂ ನನ್ನ ಹೆಸರೇ ಇರಬೇಕು, ಬದಲಾಯಿಸು.

ಫ್ಲ್ಯಾಟಿನ ಮೂಲ ಕಾಗದಗಳು ಸಾಲದ ಬ್ಯಾಂಕಿನಲ್ಲಿ ಇವೆ ಅಂತ ನೀನು ನಿಶ್ಚಿಂತೆಯಿಂದ ಇದ್ದೀಯ. ಸರಿ, ಆದರೆ ಏನೇನು ಕೊಟ್ಟೆ ಅಂತ ಬ್ಯಾಂಕಿನವರು ಸಹಿ ಹಾಕಿದ ಪಟ್ಟಿ ನಿನ್ನ ಹತ್ತಿರ ಉಂಟಾ? ಇಲ್ಲದಿದ್ದರೆ ಈ ವಾರವೇ ಹೋಗಿ ತೆಗೆದುಕೋ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಕಾಗದ ವಾಪಸು ಕೊಡಬೇಕು, ಅವರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ, 2023ರ ಡಿಸೆಂಬರಿನಿಂದ. ಆದರೆ ಕೊಟ್ಟದ್ದೇನು ಅಂತಲೇ ಗೊತ್ತಿಲ್ಲದಿದ್ದರೆ ಏನನ್ನು ಕೇಳುತ್ತೀಯ? ಆ ಪಟ್ಟಿ, ಕ್ರಯಪತ್ರದ ಜೆರಾಕ್ಸು, ಮನೆ ತೆರಿಗೆಯ ರಸೀದಿ ಒಂದೇ ಫೈಲಿನಲ್ಲಿರಲಿ. ತೆರಿಗೆಯನ್ನು ಏಪ್ರಿಲಿನಲ್ಲೇ ಕಟ್ಟಿಬಿಡು, ನೂರಕ್ಕೆ ಐದು ಕಡಿಮೆಯಾಗುತ್ತದೆ.

ಬಿಸಾಡುವ ವಿಷಯದಲ್ಲಿ ನಾನು ಅಮ್ಮನಷ್ಟು ಜಿಪುಣ ಅಲ್ಲ. ಕೆಟ್ಟುಹೋದ ಮಿಕ್ಸಿಯ ಗ್ಯಾರಂಟಿ ಕಾರ್ಡು, ಮಾರಿದ ಸ್ಕೂಟರಿನ ಸರ್ವಿಸ್ ಬಿಲ್ಲು ಸುಮ್ನೆ ಯಾಕೆ? ಆದಾಯ ತೆರಿಗೆಯದ್ದು ಏಳೆಂಟು ವರ್ಷದ್ದು ಇರಲಿ. ಇಲ್ಲಿ ಬೇಡದ್ದೆಲ್ಲ ಬಚ್ಚಲ ಒಲೆಗೆ ಹೋಗುತ್ತದೆ, ನಿನಗೆ ಆ ಸುಖ ಇಲ್ಲ. ಖಾತೆ ನಂಬರು ಇರುವುದನ್ನು ಸಣ್ಣಗೆ ಹರಿದೇ ಕಸಕ್ಕೆ ಹಾಕು. ಆಧಾರ್ ಜೆರಾಕ್ಸಂತೂ ಎಲ್ಲರ ಮನೆಯಲ್ಲೂ ಉದುರುತ್ತಿರುತ್ತದೆ. ಯಾರಿಗಾದರೂ ಕೊಡುವಾಗ ಯಾವ ಕೆಲಸಕ್ಕೆ ಅಂತ ಅದರ ಮೇಲೆಯೇ ಬರೆದು, ತಾರೀಕು ಹಾಕಿ ಸಹಿ ಮಾಡು. ಫ್ರಿಜ್ಜು, ವಾಷಿಂಗ್ ಮೆಷಿನ್ನಿನ ಬಿಲ್ಲು ಆ ನುಣುಪು ಕಾಗದದಲ್ಲಿ ಇದ್ದರೆ ತಂದ ದಿನವೇ ಫೋಟೋ ತೆಗೆ. ಗ್ಯಾರಂಟಿ ಮುಗಿಯುವ ಮೊದಲೇ ಅಕ್ಷರ ಮಾಯವಾಗುತ್ತದೆ.

ಮಳೆಗಾಲ ಬರುವ ಮೊದಲು ಒಂದು ಕೆಲಸ ಮಾಡು. ಕಾಗದದ ಕಪಾಟು ಹೊರಗೋಡೆಗೆ ತಾಗಿಕೊಂಡು ಇದ್ದರೆ ಸ್ವಲ್ಪ ಮುಂದಕ್ಕೆ ಎಳೆ. ಮಂಗಳೂರಿನ ಜೂನ್, ಜುಲೈಯಲ್ಲಿ ಗೋಡೆಯ ತಂಪು ಸೀದಾ ಹಲಗೆಗೆ ಇಳಿಯುತ್ತದೆ. ಬೂಸ್ಟು ಬರುವುದು ಮೊದಲು ಫೈಲಿನ ಬೆನ್ನಿಗೆ, ತೆರೆದು ನೋಡುವವರೆಗೂ ಗೊತ್ತಾಗುವುದಿಲ್ಲ. ಕೆಳಗಿನ ಹಲಗೆಯಲ್ಲಿ ಕಾಗದ ಬೇಡ, ಒರಲೆ ಕೆಳಗಿನಿಂದಲೇ ಹತ್ತುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಇಡುವುದಾದರೆ ಬಿಸಿಲು ಇರುವ ದಿನಗಳಲ್ಲಿ ತುಂಬಿಸು. ಒದ್ದೆ ಹವೆಯಲ್ಲಿ ಮುಚ್ಚಿದರೆ ತೇವವನ್ನೂ ಒಳಗೇ ಹಾಕಿ ಮುಚ್ಚಿದ ಹಾಗೆ. ದೀಪಾವಳಿ ಕಳೆದ ಮೇಲೆ ಎಲ್ಲ ಹೊರಗೆ ತೆಗೆದು ನೆರಳಿನಲ್ಲಿ ಗಾಳಿಗೆ ಇಡು. ಗುಂಡುಪಿನ್ನು, ರಬ್ಬರ್ ಬ್ಯಾಂಡು ಮಾತ್ರ ಬೇಡವೇ ಬೇಡ. ರಬ್ಬರು ಕರಗಿ ಕಾಗದಕ್ಕೆ ಅಂಟಿಕೊಳ್ಳುತ್ತದೆ.

ಉಳಿದ ಮನೆಯ ಬಗ್ಗೆ ಅಮ್ಮ ಹೇಳುವುದೇ ಸರಿ. ವಸ್ತು ಬಳಸುವಲ್ಲೇ ಅದರ ಜಾಗ. ಬಾಗಿಲ ಹತ್ತಿರ ಕೀ ಹಾಕಲಿಕ್ಕೆ ಮೊಳೆ, ಒದ್ದೆ ಕೊಡೆಗೆ ಒಂದು ಬಕೆಟ್ಟು, ಅಲ್ಲೇ ಒಂದು ತಟ್ಟೆ. ಹೊರಗಿನಿಂದ ಬಂದ ಕಾಗದ ಊಟದ ಮೇಜಿಗೆ ಹೋಗಬಾರದು, ಆ ತಟ್ಟೆಗೆ ಬೀಳಬೇಕು. ಭಾನುವಾರ ಕಾಫಿ ಕುಡಿಯುತ್ತಾ ಅದನ್ನು ಖಾಲಿ ಮಾಡಿ. ತೆರೆಯದ ಪೆಟ್ಟಿಗೆಗಳಿಗೆ ತಾರೀಕು ಬರೆ. ಬರುವ ವರ್ಷದವರೆಗೂ ತೆರೆಯಬೇಕು ಅನ್ನಿಸದಿದ್ದರೆ ಅದರಲ್ಲಿ ಇರುವುದು ನಿಮಗೆ ಬೇಡ.

ಎಲ್ಲ ಜೋಡಿಸಿದ ಮೇಲೆ ಒಂದೇ ಹಾಳೆಯಲ್ಲಿ ಬರೆದಿಡು: ಯಾವ ಬ್ಯಾಂಕು, ಯಾವ ವಿಮೆ, ಯಾವ ಫೈಲು ಎಲ್ಲಿ. ಪಾಸ್‌ವರ್ಡ್ ಬರೆಯಬೇಡ. ಒಂದು ಪ್ರತಿ ಅಳಿಯನಿಗೆ, ಒಂದು ನನಗೆ. ನನ್ನ ಹಾಳೆಯ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ, ಓದಿ ಅರ್ಥವಾಗದ್ದು ಇದ್ದರೆ ಕೇಳು. ಲಾಕರಿನ ಕೀ ಎಲ್ಲಿದೆ ಅಂತ ಅದರಲ್ಲಿ ಇಲ್ಲ. ನನಗೇ ಹೇಳಿಲ್ಲ ನಿನ್ನ ಅಮ್ಮ. ನೀನು ಬಂದಾಗ ಕೇಳಿ ಬರೆದುಕೊಂಡು ಹೋಗು.

ಇಂತಿ,
ಅಪ್ಪ