ಚಮಚಾ ಸ್ವಾಮಿಗೆ ಒಂದು ಪತ್ರ

ಪ್ರೀತಿಯ ಚಮಚಾ ಸ್ವಾಮಿ,

ಹೆದರಬೇಡ, ಈ ಹೆಸರಿನ ಕಥೆಯನ್ನು ಇಲ್ಲಿ ಯಾರಿಗೂ ಹೇಳುವುದಿಲ್ಲ. ನಿನಗೆ, ನನಗೆ, ನಮ್ಮಮ್ಮನಿಗೆ ಗೊತ್ತಿದ್ದರೆ ಸಾಕು.

ಹದಿನೈದು ದಿನದಿಂದ ರಾತ್ರಿ ಊಟ ಆದ ಮೇಲೆ ಒಬ್ಬಳ ಚಿತ್ರಗಳನ್ನೇ ನೋಡುತ್ತಾ ಕೂರುತ್ತಿದ್ದೇನೆ. ಸಿಬಿಲ್ ಆಂಡ್ರ್ಯೂಸ್ ಅಂತ. 1898ರಲ್ಲಿ ಇಂಗ್ಲೆಂಡಿನ ಬರಿ ಸೇಂಟ್ ಎಡ್ಮಂಡ್ಸ್‌ನಲ್ಲಿ ಹುಟ್ಟಿದವಳು. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಸ್ಟಲ್‌ನಲ್ಲಿ ವಿಮಾನದ ಭಾಗಗಳಿಗೆ ವೆಲ್ಡಿಂಗ್ ಮಾಡುತ್ತಿದ್ದಳು ಕಣೋ, ವೆಲ್ಡಿಂಗ್! ಅಂಚೆಯಲ್ಲಿ ಬರುವ ಪಾಠಗಳಿಂದ ಚಿತ್ರ ಕಲಿಯೋಕೆ ಶುರು ಮಾಡಿದಳು. 1925ರಲ್ಲಿ ಲಂಡನ್ನಿನಲ್ಲಿ ಗ್ರೋವ್ನರ್ ಸ್ಕೂಲ್ ಆಫ್ ಮಾಡರ್ನ್ ಆರ್ಟ್ ತೆರೆದಾಗ ಅಲ್ಲಿ ಸೆಕ್ರೆಟರಿ ಕೆಲಸಕ್ಕೆ ಸೇರಿದಳು. ಅಲ್ಲೇ ಕ್ಲಾಡ್ ಫ್ಲೈಟ್ ಅನ್ನುವ ಮೇಷ್ಟ್ರು ಲಿನೋಕಟ್ ಕಲಿಸುತ್ತಿದ್ದರು.

ನೆಲಕ್ಕೆ ಹಾಸುತ್ತಾರಲ್ಲ, ಅದೇ ಲಿನೋಲಿಯಂ. ಅದನ್ನು ಕೆತ್ತಿ ಅಚ್ಚು ಮಾಡಿ, ಬಣ್ಣ ಹಚ್ಚಿ ಕಾಗದದ ಮೇಲೆ ಚಿತ್ರ ಮೂಡಿಸುವುದೇ ಲಿನೋಕಟ್. ಲಿನೋ ಅಂದರೆ ಸ್ಕೂಲ್ ಮಕ್ಕಳ ಆಟ ಅಂತ ನಮಗೂ ಹೇಳಿದ್ದರು, ನೆನಪಿದೆಯಾ? ಫ್ಲೈಟ್ ಮೇಷ್ಟ್ರ ಆಸೆ ಬೇರೆ ಇತ್ತು. ಜನ ಒಂದು ಸಿನಿಮಾ ಟಿಕೆಟ್ಟಿಗೆ ಕೊಡುವ ಕಾಸಿಗೆ ಮನೆಗೊಂದು ಚಿತ್ರ ಒಯ್ಯುವಂತಾಗಬೇಕು ಅನ್ನುತ್ತಿದ್ದರು. ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚು. ಕಪ್ಪು ಗೆರೆಗೇ ಅಂತ ಬೇರೆ ಅಚ್ಚು ಇಲ್ಲ. ಬಣ್ಣದ ಮೇಲೆ ಬಣ್ಣ ಕೂತು ಆಕಾರ ತಾನಾಗಿ ಏಳಬೇಕು. ಪ್ರೆಸ್ಸೂ ಬೇಡ, ತೆಳ್ಳನೆಯ ಜಪಾನಿ ಕಾಗದ ಹರಡಿ ಕೈಯಲ್ಲೇ ಉಜ್ಜಬೇಕು. ಏತರಲ್ಲಿ ಉಜ್ಜುತ್ತಿದ್ದರು ಹೇಳು? ಚಮಚದಲ್ಲಿ. ಅದನ್ನು ಓದಿದಾಗ ಜೋರಾಗಿ ನಕ್ಕು ಮಗಳನ್ನು ಎಬ್ಬಿಸಿಬಿಟ್ಟೆ.

1933ರ 'ಸ್ಲೆಡ್ಜ್‌ಹ್ಯಾಮರ್ಸ್' ಅನ್ನುವುದನ್ನು ನೀನು ನೋಡಲೇಬೇಕು. ಆಳುಗಳು ಸುತ್ತ ನಿಂತು ದೊಡ್ಡ ಸುತ್ತಿಗೆ ಬೀಸುತ್ತಿದ್ದಾರೆ, ತೋಳು, ಬೆನ್ನು, ಸುತ್ತಿಗೆ ಎಲ್ಲ ಒಂದೇ ಬಾಗಿನಲ್ಲಿ ಹೋಗುತ್ತವೆ. ಯಾರ ಮುಖವೂ ಮುಖ್ಯವಲ್ಲ, ಮೈ ಬಗ್ಗಿದ ರೀತಿಯೇ ಚಿತ್ರ. ಕಾರ್ಖಾನೆಯಲ್ಲಿ ಕೈ ಸುಟ್ಟುಕೊಂಡು ದುಡಿದವಳಿಗೆ ಮಾತ್ರ ಹಾಗೆ ಕಾಣುತ್ತದೆ ಅಂತ ನನಗನ್ನಿಸುತ್ತೆ.

ನಿದ್ದೆ ಕೆಡಿಸಿದ್ದು ಮಾತ್ರ ಆ ಚಿತ್ರ ಅಲ್ಲ, ಒಂದು ರುಜು. ಸಿಬಿಲ್ ಮತ್ತು ಸಿರಿಲ್ ಪವರ್ ಅನ್ನುವ ಕಲಾವಿದ ಹ್ಯಾಮರ್‌ಸ್ಮಿತ್‌ನಲ್ಲಿ ಒಂದೇ ಸ್ಟುಡಿಯೋ ಹಂಚಿಕೊಂಡಿದ್ದರು. 1929ರಿಂದ 1937ರವರೆಗೆ ಇಬ್ಬರೂ ಸೇರಿ ಲಂಡನ್ನಿನ ಸುರಂಗ ರೈಲಿಗೆ ಪೋಸ್ಟರ್ ಮಾಡಿಕೊಟ್ಟರು. ವಿಂಬಲ್ಡನ್, ಎಪ್ಸಮ್ಮಿನ ಕುದುರೆ ರೇಸು, ಫುಟ್‌ಬಾಲು. ಕೆಳಗಿನ ರುಜು 'ಆಂಡ್ರ್ಯೂ ಪವರ್'. ನೋಡಿದವರಿಗೆ ಯಾರೋ ಒಬ್ಬ ಗಂಡಸಿನ ಹೆಸರು. ಆದರೂ ಅದು ಇಬ್ಬರೂ ಸೇರಿ ಇಟ್ಟುಕೊಂಡ ಹೆಸರು, ಅರ್ಧ ಅವಳದು, ಅರ್ಧ ಅವನದು.

ನಾನು ಅಷ್ಟೂ ಮಾಡಲಿಲ್ಲ.

ಕಾಲೇಜಿನ ನಾಟಕದ ಪೋಸ್ಟರ್. ಪೆನ್ಸಿಲ್ ಗೀಚು ನನ್ನದು, ಸರಿ. ಮೂರು ಅಚ್ಚನ್ನೂ ಕೆತ್ತಿದ್ದು ನೀನು. ಉಳಿ ಜಾರಿ ನಿನ್ನ ಎಡಗೈ ಹೆಬ್ಬೆರಳು ಸೀಳಿತ್ತು, ಕರ್ಚೀಫ್ ಸುತ್ತಿಕೊಂಡು ಮತ್ತೆ ಕೆತ್ತಿದೆ. ನೀನು ಊರಿಗೆ ಹೋದ ದಿನ ಹೆಸರು ಏನು ಹಾಕೋಣ ಅಂತ ಕೇಳಿದರು. ನಾನು ನನ್ನ ಹೆಸರು ಹೇಳಿದೆ. ನಿನಗೆ ಜಾಗ ಸಾಲಲಿಲ್ಲ ಅಂದೆ. ಜಾಗ ಇತ್ತು ಕಣೋ. ಬೇಕಾದಷ್ಟಿತ್ತು. ಆ ಪೋಸ್ಟರ್ ತೋರಿಸಿಯೇ ನನಗೆ ಮೊದಲ ಕೆಲಸ ಸಿಕ್ಕಿತು. ಕೆತ್ತನೆ ಯಾರದು ಅಂತ ಅಲ್ಲೂ ಕೇಳಿದರು, ಅಲ್ಲೂ ನನ್ನದೇ ಅಂದೆ. ಅದಾದ ಮೇಲೆ ನೀನು ಉಳಿ ಹಿಡಿದದ್ದನ್ನು ನಾನು ನೋಡಿಲ್ಲ. ಯಾಕೆ ಬಿಟ್ಟೆ ಅಂತ ಕೇಳುವ ಧೈರ್ಯ ಇಷ್ಟು ವರ್ಷ ಬರಲಿಲ್ಲ.

ಇಷ್ಟೆಲ್ಲ ಬರೆಯೋಕೆ ಕೂತಿರಲಿಲ್ಲ. ಸುಮ್ನೆ ಚಿತ್ರಗಳ ಬಗ್ಗೆ ನಾಲ್ಕು ಮಾತು ಅಂದುಕೊಂಡಿದ್ದೆ. ಅಳಿಸಬೇಕು ಅನ್ನಿಸಿತು, ಅಳಿಸಲ್ಲ. ನಮ್ಮ ಗೆಳೆಯರೂ ಓದಲಿ, ಆ ಪೋಸ್ಟರನ್ನು ಹೊಗಳಿದವರು ಅವರೇ ಅಲ್ವಾ.

ಸಿಬಿಲ್ ಕಥೆ ಮುಗಿಸಿಬಿಡುತ್ತೇನೆ. 1938ರಲ್ಲಿ ಅವಳೂ ಸಿರಿಲ್ಲೂ ಬೇರೆಯಾದರು. ಎರಡನೇ ಯುದ್ಧದಲ್ಲಿ ಅವಳು ದೋಣಿ ಕಟ್ಟುವ ಕಾರ್ಖಾನೆಗೆ ಸೇರಿ, ಅಲ್ಲಿ ಸಿಕ್ಕ ವಾಲ್ಟರ್ ಮಾರ್ಗನ್‌ನನ್ನು ಮದುವೆಯಾಗಿ, 1947ರಲ್ಲಿ ಕೆನಡಾದ ಕ್ಯಾಂಪ್‌ಬೆಲ್ ರಿವರ್ ಅನ್ನುವ ಸಣ್ಣ ಊರಿಗೆ ಹೋದಳು. ಅಲ್ಲಿ ಊರವರಿಗೆ ಚಿತ್ರ ಕಲಿಸಿಕೊಂಡಿದ್ದಳು. ಲಂಡನ್ ಅವಳನ್ನು ಮರೆತೇಬಿಟ್ಟಿತ್ತು. ಮತ್ತೆ ಹುಡುಕಿಕೊಂಡು ಬರುವಷ್ಟರಲ್ಲಿ ಎಂಬತ್ತರ ಹತ್ತಿರ ಇದ್ದಳು. 1982ರಲ್ಲಿ ಕ್ಯಾಲ್ಗರಿಯ ಗ್ಲೆನ್‌ಬೋ ಮ್ಯೂಸಿಯಂನಲ್ಲಿ ದೊಡ್ಡ ಪ್ರದರ್ಶನವಾಯಿತು. ಅಷ್ಟು ವರ್ಷವೂ ಅಚ್ಚು ಕೆತ್ತುವುದನ್ನು ಬಿಟ್ಟಿರಲಿಲ್ಲ. 1992ರಲ್ಲಿ ತೀರಿಕೊಂಡಳು.

ಆ ಪೋಸ್ಟರಿನ ಒಂದು ಪ್ರತಿ ನನ್ನ ಹತ್ತಿರ ಇದೆ. ಕೆಳಗೆ ಬಲಗಡೆ ನಾಲ್ಕು ಬೆರಳು ಖಾಲಿ ಜಾಗ. ಭಾನುವಾರ ಬಾ. ನಿನ್ನ ಕೈಯಲ್ಲೇ ಬರಿ. ಮೀನು ತರುತ್ತೇನೆ, ಸಾರು ನೀನೇ ಮಾಡಬೇಕು. ಹಾಗೇ ನಮ್ಮಮ್ಮನ ಸ್ಟೀಲ್ ಚಮಚ ವಾಪಸ್ ತಾ, ಇವತ್ತಿಗೂ ಕೇಳುತ್ತಾಳೆ.

ನಿನ್ನ,
ಅರ್ಧ ಟೀ