ವಾಂತಿ–ಭೇದಿಯ ದಿನ ಬಿಪಿ ಗುಳಿಗೆ ಏನು ಮಾಡಬೇಕು?

ಮಾನ್ಯ ಸಂಪಾದಕರೇ,

ಏಪ್ರಿಲ್ ಬಂತೆಂದರೆ ನಮ್ಮ ಕಡೆ ಸರ್ಕಾರಿ ಕಚೇರಿಗಳ ಸಮಯವೇ ಬೆಳಿಗ್ಗೆ 8ಕ್ಕೆ ಬದಲಾಗುತ್ತದೆ. ಬಿಪಿ ಗುಳಿಗೆಯ ಲೆಕ್ಕ ಮಾತ್ರ ಜನವರಿಯಲ್ಲಿ ಇದ್ದ ಹಾಗೆಯೇ ಮೇ ತಿಂಗಳಲ್ಲೂ ನಡೆಯುತ್ತದೆ. ಟೆಲ್ಮಿಸಾರ್ಟಾನ್ ಎಂಬ ಬಿಪಿ ಗುಳಿಗೆ ನುಂಗುವವರಿಗೆ ಬೇಸಿಗೆಯಲ್ಲಿ ತಿಳಿದಿರಲೇಬೇಕಾದ ಕೆಲವು ಸಂಗತಿಗಳಿವೆ. ಚೀಟಿ ಬರೆಯುವ, ಗುಳಿಗೆ ಕೊಡುವ ಗಡಿಬಿಡಿಯಲ್ಲಿ ಅವು ಹೇಳದೆ ಉಳಿದುಬಿಡುತ್ತವೆ.

ಇದು ಒಳ್ಳೆಯ ಔಷಧ ಎಂಬುದನ್ನು ಮೊದಲೇ ಹೇಳಬೇಕು. ದಿನಕ್ಕೆ ಒಂದೇ ಗುಳಿಗೆ, ಊಟದ ಮುಂಚೆಯಾದರೂ ಸರಿ, ಆಮೇಲಾದರೂ ಸರಿ. ರಕ್ತನಾಳಗಳನ್ನು ಬಿಗಿಯುವ ಆಂಜಿಯೋಟೆನ್ಸಿನ್‌ಗೆ ಅಡ್ಡ ನಿಂತು ನಾಳಗಳನ್ನು ಸಡಿಲಿಸುತ್ತದೆ. ಬಿಪಿಯ ಮೇಲಿನ ಅಂಕಿ 10 ಇಳಿದರೆ ಲಕ್ವಾ ಹೊಡೆಯುವ ಅಪಾಯ ಸುಮಾರು ಕಾಲುಭಾಗ ತಗ್ಗುತ್ತದೆ. ಸಕ್ಕರೆ ಕಾಯಿಲೆಯಿಂದ ಮೂತ್ರದಲ್ಲಿ ಪ್ರೋಟೀನ್ ಸೋರುವವರಿಗೆ ಕಿಡ್ನಿಯನ್ನೂ ಕಾಯುತ್ತದೆ. ಪೂರ್ತಿ ಪರಿಣಾಮ ಕಾಣಲು ಸುಮಾರು 4 ವಾರ ಬೇಕು. ಎಂಟು ದಿನಕ್ಕೇ ‘ಹತ್ತಲಿಲ್ಲ’ ಎಂದು ಬದಲಾಯಿಸುವುದೂ ತಪ್ಪು, 120/80 ಬಂತೆಂದು ಬಿಡುವುದೂ ತಪ್ಪು. ಆ 120/80 ಬಂದದ್ದೇ ಗುಳಿಗೆಯಿಂದ.

ಇನ್ನು, ಮನೆಯಲ್ಲಿರುವ ಸ್ಟ್ರಿಪ್ ತಿರುಗಿಸಿ ಓದಿ. ಹೆಸರಿನ ಮುಂದೆ 40 ಎಂದಷ್ಟೇ ಇದ್ದರೆ ಬರೀ ಟೆಲ್ಮಿಸಾರ್ಟಾನ್ 40 ಮಿಲಿಗ್ರಾಂ. ‘ಎಎಂ’ ಇದ್ದರೆ ಜೊತೆಗೆ ಸಾಮಾನ್ಯವಾಗಿ 5 ಮಿಲಿಗ್ರಾಂ ಆಮ್ಲೋಡಿಪಿನ್ ಎಂಬ ಇನ್ನೊಂದು ಬಿಪಿ ಔಷಧ. ‘ಎಚ್’ ಇದ್ದರೆ 12.5 ಮಿಲಿಗ್ರಾಂ ಹೈಡ್ರೋಕ್ಲೋರೋಥಯಾಜೈಡ್, ಅಂದರೆ ಉಪ್ಪು–ನೀರನ್ನು ಮೂತ್ರದಲ್ಲಿ ಹೊರಹಾಕುವ ‘ನೀರಿನ ಗುಳಿಗೆ’. ‘ಸಿಟಿ’ ಇದ್ದರೆ ಕ್ಲೋರ್ಥಾಲಿಡೋನ್, ಅದೂ ಅದೇ ಜಾತಿಯದು. ಅಂಗಡಿಯಲ್ಲಿ ‘ಬಿಪಿದು ಕೊಡ್ರಿ, ನಲವತ್ತರದು’ ಅಂದರೆ ಈ ಅಕ್ಷರವೇ ತಪ್ಪಿಹೋಗುತ್ತದೆ. ಖಾಲಿ ಸ್ಟ್ರಿಪ್ ಒಯ್ದು ತೋರಿಸುವುದು ಒಳ್ಳೆಯದು.

ಬಿಸಿಲಿಗೂ ಇದಕ್ಕೂ ಏನು ಸಂಬಂಧ? ಕಿಡ್ನಿಯ ಒಂದೊಂದು ಸೋಸುಗಂಟಿಗೂ ರಕ್ತ ತರುವ ನಾಳ ಒಂದು, ಹೊರಗೆ ಒಯ್ಯುವ ನಾಳ ಒಂದು. ಟೆಲ್ಮಿಸಾರ್ಟಾನ್ ಹೊರಗೆ ಒಯ್ಯುವ ನಾಳವನ್ನು ಸಡಿಲಿಸಿ ಸೋಸುಗಂಟಿನ ಒಳಗಿನ ಒತ್ತಡ ಇಳಿಸುತ್ತದೆ. ಮಾಮೂಲಿ ದಿನ ಅದರಿಂದ ಕಿಡ್ನಿಗೆ ಲಾಭವೇ. ಆದರೆ ಬೆವರಿ, ವಾಂತಿ–ಭೇದಿಯಾಗಿ ಮೈಯಲ್ಲಿ ನೀರು ಬತ್ತಿದ ದಿನ ಬರುವ ರಕ್ತವೇ ಕಡಿಮೆ. ‘ಎಚ್’ ಇದ್ದರೆ ಇದ್ದ ನೀರೂ ಹೋಗುತ್ತದೆ. ಅದರ ಮೇಲೆ ಮೊಣಕಾಲು ನೋವಿಗೆಂದು ಡೈಕ್ಲೋಫೆನಾಕ್ ಅಥವಾ ಎಸಿಕ್ಲೋಫೆನಾಕ್ ನುಂಗಿದರೆ, ರಕ್ತ ತರುವ ನಾಳವೂ ಬಿಗಿಯುತ್ತದೆ. ಮೂರೂ ಕೂಡಿದರೆ ಸೋಸುವುದು ನಿಲ್ಲುತ್ತಾ ಬರುತ್ತದೆ: ಮೂತ್ರ ಕಡಿಮೆಯಾಗುತ್ತದೆ, ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ ಏರುತ್ತದೆ, ಪೊಟ್ಯಾಸಿಯಂ ಏರಿ ಹೃದಯದ ಬಡಿತಕ್ಕೇ ಕುತ್ತಾಗಬಹುದು. ಸಾಲದ್ದಕ್ಕೆ ನೋವಿನ ಗುಳಿಗೆ ಬಿಪಿಯನ್ನೂ ಏರಿಸುತ್ತದೆ. ನೋವಿಗೆ ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಸಾಕಾಗುತ್ತದೆಯೇ ಎಂದು ಮೊದಲು ಕೇಳಿ. ಬಿಪಿ ಗುಳಿಗೆ ನಡೆದಿದೆ ಎಂಬ ಮಾತು ಅಂಗಡಿಯವರಿಗೂ, ಇಂಜೆಕ್ಷನ್ ಕೊಡುವವರಿಗೂ ತಿಳಿಯಲೇಬೇಕು.

ವಾಂತಿ–ಭೇದಿ ಜೋರಾಗಿದ್ದು, ಕುಡಿದದ್ದು ನಿಲ್ಲದಿದ್ದರೆ ಟೆಲ್ಮಿಸಾರ್ಟಾನನ್ನೂ ನೀರಿನ ಗುಳಿಗೆಯನ್ನೂ ಆ ದಿನದ ಮಟ್ಟಿಗೆ ತಡೆಹಿಡಿಯುವುದು ರೂಢಿ. ವೈದ್ಯರಿಗೆ ಫೋನ್ ಮಾಡಿ ಕೇಳಿ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಗುಳಿಗೆ ನಡೆದಿದ್ದರೆ ಅದನ್ನೂ ಹೇಳಿ. ಹೃದಯ ದುರ್ಬಲವಿರುವವರು ಕೇಳದೆ ಯಾವುದನ್ನೂ ಬಿಡಬಾರದು. ಊಟ, ನೀರು ಮೊದಲಿನಂತಾದ 24ರಿಂದ 48 ಗಂಟೆಯಲ್ಲಿ ಗುಳಿಗೆ ಮತ್ತೆ ಶುರುವಾಗಬೇಕು. ಬಿಟ್ಟವರು ಬಿಟ್ಟೇಬಿಡುವುದು ಇನ್ನೊಂದು ಅನಾಹುತ. ತಪ್ಪಿದ ದಿನಗಳದ್ದನ್ನು ಸೇರಿಸಿ ಎರಡು ನುಂಗಬಾರದು.

ಓಆರ್‌ಎಸ್‌ನಲ್ಲಿ ಉಪ್ಪಿದೆ ಎಂದು ಬಿಪಿಯವರು ಹಿಂಜರಿಯುತ್ತಾರೆ. ಭೇದಿಯ ದಿನ ಆ ಹೆದರಿಕೆ ಬೇಡ. ದೊಡ್ಡ ಪೊಟ್ಟಣವನ್ನು ಪೂರ್ತಿ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ, 24 ಗಂಟೆಯೊಳಗೆ ಮುಗಿಸಬೇಕು. ಲೋಟಕ್ಕೆ ಅಂದಾಜಿನಲ್ಲಿ ಉದುರಿಸಿಕೊಂಡರೆ ಉಪ್ಪು ಗಟ್ಟಿಯಾಗಿ ಭೇದಿ ಹೆಚ್ಚುತ್ತದೆ. ಮೂತ್ರ ನಿಂತರೆ, ಮಂಪರು ಬಂದರೆ ಮನೆಮದ್ದು ನೋಡುತ್ತಾ ಕೂಡದೆ ಆಸ್ಪತ್ರೆಗೆ ಒಯ್ಯಿರಿ.

ಬಿಸಿಲಿಗೆ ನಾಳಗಳು ತಾವಾಗಿಯೇ ಹಿಗ್ಗುವುದರಿಂದ ಬೇಸಿಗೆಯಲ್ಲಿ ಬಿಪಿ ಸ್ವಲ್ಪ ಕೆಳಗೇ ಇರುತ್ತದೆ. ಎದ್ದು ನಿಂತಾಗ ಕಣ್ಣು ಕತ್ತಲಿಡುತ್ತಿದ್ದರೆ, ಕುಳಿತು ಒಮ್ಮೆ, ನಿಂತು 1ರಿಂದ 3 ನಿಮಿಷದೊಳಗೆ ಮತ್ತೊಮ್ಮೆ ನೋಡಿಸಿ. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ಡೋಸ್ ಬಗ್ಗೆ ವೈದ್ಯರು ಯೋಚಿಸಬೇಕು. ಮನೆಯಲ್ಲಿ ಯಂತ್ರವಿದ್ದರೆ 7 ದಿನ ಬೆಳಿಗ್ಗೆ, ಸಂಜೆ ಎರಡೆರಡು ಸಲ ನೋಡಿ ಬರೆದೊಯ್ಯಿರಿ. ಅದಕ್ಕೂ ಅರ್ಧ ಗಂಟೆ ಮುಂಚೆ ಚಹಾ, ಬೀಡಿ, ಗುಟ್ಕಾ ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನು ಆನಿಸಿ 5 ನಿಮಿಷ ಸುಮ್ಮನೆ ಕೂತು, ತೋಳನ್ನು ಎದೆಮಟ್ಟಕ್ಕೆ ಇಟ್ಟು ನೋಡಬೇಕು. ಬಿಸಿಲಲ್ಲಿ ನಡೆದು ಬಂದವರಿಗೆ ಬಾಗಿಲಲ್ಲೇ ಪಟ್ಟಿ ಸುತ್ತಿ ನೋಡಿದ ಅಂಕಿಯ ಮೇಲೆ ಗುಳಿಗೆ ಬದಲಾಗಬಾರದು.

ಆಮ್ಲೋಡಿಪಿನ್ ಇರುವವರಿಗೆ ಪಾದ ಬಾತುಕೊಂಡರೆ ಅದಕ್ಕೆ ನೀರಿನ ಗುಳಿಗೆ ಸೇರಿಸುವುದರಿಂದ ಅಷ್ಟಾಗಿ ಪ್ರಯೋಜನವಿಲ್ಲ. ಡೋಸ್ ಇಳಿಸಿದರೆ ಬಾವು ಸಾಮಾನ್ಯವಾಗಿ ಇಳಿಯುತ್ತದೆ. ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುವುದರಿಂದ ಟೆಲ್ಮಿಸಾರ್ಟಾನ್ ಜೊತೆ ಕೇಳದೆ ಬಳಸಬೇಡಿ. ಕಿಡ್ನಿ ತೊಂದರೆ ಇರುವವರು ದಿನಾ ಎಳನೀರು ಕುಡಿಯುವ ಮುಂಚೆಯೂ ಕೇಳಿ. ಗರ್ಭಿಣಿಯರಿಗೆ ಟೆಲ್ಮಿಸಾರ್ಟಾನ್ ಕೂಡದು, ಮಗುವಿನ ಕಿಡ್ನಿಗೆ ಪೆಟ್ಟಾಗುತ್ತದೆ. ತಿಂಗಳು ನಿಂತಿದೆ ಎಂದು ಗೊತ್ತಾದ ಕೂಡಲೇ ವೈದ್ಯರಿಗೆ ತಿಳಿಸಿದರೆ ಬೇರೆ ಗುಳಿಗೆಗೆ ಬದಲಾಯಿಸುತ್ತಾರೆ.

ಟೆಲ್ಮಿಸಾರ್ಟಾನ್ ಗಾಳಿಯ ತೇವ ಹೀರುವ ಗುಳಿಗೆ. ತಿಂಗಳದ್ದೆಲ್ಲ ಒಮ್ಮೆಗೇ ಬಿಡಿಸಿ ಡಬ್ಬಿಗೆ ತುಂಬಬಾರದು, ನುಂಗುವಾಗಲಷ್ಟೇ ಸ್ಟ್ರಿಪ್ ಒಡೆಯಬೇಕು. ತಗಡಿನ ಮಾಡಿನ ಕೆಳಗಾಗಲಿ, ಬೈಕಿನ ಡಿಕ್ಕಿಯಲ್ಲಾಗಲಿ ಇಡಬಾರದು.

ತಾಲ್ಲೂಕು ಆಸ್ಪತ್ರೆಗಳ ಎನ್‌ಸಿಡಿ (ಬಿಪಿ, ಸಕ್ಕರೆಯಂಥ ಅಂಟದ ಕಾಯಿಲೆಗಳ) ಕ್ಲಿನಿಕ್‌ಗಳಲ್ಲಿ ಗುಳಿಗೆ ಉಚಿತವಾಗಿ ಸಿಗುತ್ತಿದೆ. ಶುರುವಾದ 2ರಿಂದ 4 ವಾರಕ್ಕೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ಕ್ರಿಯಾಟಿನಿನ್, ಪೊಟ್ಯಾಸಿಯಂ ತಪಾಸಣೆ ಆಗುವಂತೆ ಆರೋಗ್ಯ ಇಲಾಖೆ ನೋಡಿಕೊಳ್ಳಬೇಕು. ರೋಗಿಯ ಕಾರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಎರಡು ಸಾಲು ಅಚ್ಚು ಹಾಕಿಸಿದರೂ ಸಾಕು: ‘ವಾಂತಿ–ಭೇದಿಯಾದರೆ ಈ ಗುಳಿಗೆ ಬಗ್ಗೆ ಅಂದೇ ಕೇಳಿರಿ. ನೋವಿನ ಗುಳಿಗೆ ಕೇಳದೆ ನುಂಗಬೇಡಿರಿ.’ ಓದು ಬಾರದವರಿಗೆ ಆಶಾ ಕಾರ್ಯಕರ್ತೆಯರು ಮಾರ್ಚ್‌ನಲ್ಲೇ ಹೇಳಿ ಮುಗಿಸಲಿ.

– ಒಬ್ಬ ಫಾರ್ಮಸಿಸ್ಟ್, ಸೇಡಂ, ಕಲಬುರಗಿ ಜಿಲ್ಲೆ